ಕಂಡಕ್ಟರ್ ಶಾಂತಲಿಂಗಪ್ಪನವರ ಪಹಣಿ ಇಲ್ಲದ ಹೊಲ

ಹೊಲ ಇಲ್ಲದ ಮನುಷ್ಯ ವರ್ಷದ ಮುನ್ನೂರ ಅರವತ್ತನಾಲ್ಕು ದಿನ ತಲೆ ಎತ್ತಿಕೊಂಡು ತಿರುಗಬಹುದು. ಆಳಂದದಲ್ಲಿ ಮಾತ್ರ ಅವನಿಗೆ ಉಳಿದ ಒಂದು ದಿನ ಬಹಳ ಕಷ್ಟದ್ದು. ಅದು ಎಳ್ಳಮಾಸಿ. ಎಳ್ಳು ಅಮಾವಾಸ್ಯೆಯ ದಿನ ಊರಿಗೆ ಊರೇ ಸಜ್ಜಿ ರೊಟ್ಟಿ, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಕಡುಬಿನ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನಿಂದ ಕೊಂಪಿ ಎಂಬ ಪುಟ್ಟ ಗುಡಿಸಲು ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಎಂದು ಹೆಸರು. ಭೂಮಿತಾಯಿ ಉಂಡ ಮೇಲೆ ಮಂದಿಯ ಊಟ. ಆ ದಿನ ಊರಲ್ಲಿ ಉಳಿಯುವುದು ಎರಡೇ ಗುಂಪು: ಓಣಿಯ ನಾಯಿಗಳು, ಮತ್ತು ಯಾರೂ ಹೊಲಕ್ಕೆ ಕರೆಯದವರು.

ನಾನು ಎರಡನೆಯ ಗುಂಪಿನವನು. ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದು ಇಲ್ಲಿನ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಮೂರು ಎಳ್ಳಮಾಸಿಗಳನ್ನು ಕಿಟಕಿ ಹಾಕಿಕೊಂಡು, ಉಪ್ಪಿಟ್ಟು ತಿಂದು ಕಳೆದಿದ್ದೇನೆ. ನಾನಿರುವುದು ಶಾಂತಲಿಂಗಪ್ಪನವರ ಮನೆಯ ಮಾಳಿಗೆಯ ಮೇಲೆ. ಮನೆ ಮಾಲಕರ ವಿಷಯದಲ್ಲಿ ಬಾಡಿಗೆದಾರ ಸುಳ್ಳು ಹೇಳಬಾರದು, ಪೂರ್ತಿ ನಿಜವನ್ನಂತೂ ಹೇಳಲೇಬಾರದು. ಆದರೂ ಈ ಸಲ ಹೇಳಿಬಿಡುತ್ತೇನೆ.

ಶಾಂತಲಿಂಗಪ್ಪನವರು ಮೂವತ್ತೊಂದು ವರ್ಷ ಆಳಂದ, ಅಫಜಲಪುರ, ಜೇವರ್ಗಿ ರೂಟಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಆ ಬಸ್ಸಿನ ಡ್ರೈವರ್ ಬುರಾನುದ್ದೀನ ಸಾಹೇಬರು. ಇಬ್ಬರೂ ಒಂದೇ ವರ್ಷ ನಿವೃತ್ತರಾಗಿ ಗೋಡೆಗೆ ಗೋಡೆ ಹಚ್ಚಿ ಮನೆ ಕಟ್ಟಿಸಿಕೊಂಡರು. ಬುರಾನುದ್ದೀನರು ಇವತ್ತಿಗೂ ತಮ್ಮ ಸ್ಕೂಟರನ್ನು ಅಂಗಳದಿಂದ ಹೊರಗೆ ತೆಗೆಯಬೇಕಾದರೆ ಆಚೆ ಮನೆಯಿಂದ ಎರಡು ಸೀಟಿ ಬರಬೇಕು. ಶಾಂತಲಿಂಗಪ್ಪನವರು ಊರಲ್ಲಿ ಇಲ್ಲದ ದಿನ ಅವರು ನಡೆದೇ ಹೋಗುತ್ತಾರೆ.

ನಿವೃತ್ತಿಯಾದ ಹೊಸದರಲ್ಲಿ ಶಾಂತಲಿಂಗಪ್ಪನವರು ಕಲಬುರಗಿಯ ಯಾವುದೋ ಬಂಗಲೆಯ ಮುಂದೆ ಹುಲ್ಲುಹಾಸು ನೋಡಿ ಬಂದರು. ಎಂಟು ದಿನದಲ್ಲಿ ಅಂಥದೇ ಹುಲ್ಲು ಚಾಪೆಯಂತೆ ಸುತ್ತಿಕೊಂಡು ಬಂತು, ಅಂಗಳದ ತುಂಬ ಹಾಸಿಕೊಂಡಿತು. ಅದರ ಮೇಲೆ ಯಾರೂ ಕಾಲಿಡಬಾರದೆಂದು ಬೋರ್ಡು ಬಂತು. ಮನೆಯವರು ಗೋಡೆಗುಂಟ ಸರಿದು ಒಳಗೆ ಹೋಗುವುದನ್ನು ಕಲಿತರು. ನಳದ ನೀರು ದಿನಾ ಬರುವ ಓಣಿ ನಮ್ಮದಲ್ಲ. ಬಂದ ನೀರೆಲ್ಲ ಹುಲ್ಲಿಗೆ ಹೋಗತೊಡಗಿತು.

"ಹುಲ್ಲಿಗೆ ದಿನಾ ಎರಡು ಹೊತ್ತು ಜಳಕ," ಎಂದು ಅವರ ಹೆಂಡತಿ ಶಾರದಾಬಾಯಿ ಇಡೀ ಓಣಿಗೆ ಕೇಳುವಂತೆ ಹೇಳುತ್ತಿದ್ದರು. "ನನಗ ಮಾತ್ರ, ಜರಾ ತಡಿ ಶಾರದಾ, ನಾಳೆ ನಳ ಬರ್ತದ ಅಂತೀರಿ. ಆ ಹುಲ್ಲು ದನಾ ತಿಂತದೇನ್ರಿ? ಮಂದಿ ತಿಂತದೇನ್ರಿ? ಬರೇ ಕುಂತು ನೋಡಿಸ್ಕೊಳಾಕ ಇಷ್ಟು ನೀರು ನಮ್ಮ ಬೀಗರು ಸೈತ ಕುಡ್ಯೂದಿಲ್ಲ!"

ಅನಾಹುತ ಶುರುವಾದದ್ದು ಹೋದ ವರ್ಷದ ಎಳ್ಳಮಾಸಿಯಂದು. ಶಾರದಾಬಾಯಿಯವರ ತಮ್ಮ ಬೀರಲಿಂಗಪ್ಪನಿಗೆ ನಿಂಬರ್ಗಾದಲ್ಲಿ ಎರೆ ಹೊಲವಿದೆ. ಪ್ರತಿ ವರ್ಷ ಅಕ್ಕನನ್ನೂ ಅವಳ ಗಂಡನಾದ ಮಾವನನ್ನೂ ಅಲ್ಲಿಗೆ ಕರೆಯುತ್ತಾನೆ. ಚರಗ ಚೆಲ್ಲುವಾಗ ಹೊಲದ ಒಡೆಯ ಮುಂದೆ ನಡೆಯುತ್ತ "ಹುಲ್ಲುಲ್ಲಿಗೋ!" ಎಂದು ಕೂಗಬೇಕು. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವವನು ಅದಕ್ಕೆ ತಿರುಗಿ ಕೂಗಬೇಕು. ಆ ಮರುಕೂಗು ಊರಿಗೊಂದು ಥರ. ಹೊಲ ಇಲ್ಲದ ಮಾವನಿಗೆ ತಂಬಿಗೆ ಖಾಯಂ ಆಗಿತ್ತು. ಅವತ್ತು ಶಾಂತಲಿಂಗಪ್ಪನವರ ಜೀವವೆಲ್ಲ ನೀರು ಕಾಣದ ತಮ್ಮ ಹುಲ್ಲಿನ ಮೇಲಿತ್ತು. ಬೀರಲಿಂಗಪ್ಪ ಮುಂದಿನಿಂದ "ಹುಲ್ಲುಲ್ಲಿಗೋ!" ಎಂದ. ಮೂವತ್ತೊಂದು ವರ್ಷದ ಅಭ್ಯಾಸ. ಹಿಂದಿನಿಂದ ಶಾಂತಲಿಂಗಪ್ಪನವರು ಗಟ್ಟಿಯಾಗಿ ಕೂಗಿದರು:

"ರೈಟ್ ರೈಟ್!"

ನಲವತ್ತು ಮಂದಿ ಬೆಳೆಯ ನಡುವೆ ಬಿದ್ದು ಬಿದ್ದು ನಕ್ಕರು. ಒಬ್ಬ ಮುದುಕಿಗೆ ಕಡುಬು ಗಂಟಲಿಗೆ ಸಿಕ್ಕು ಬೆನ್ನಿಗೆ ಗುದ್ದಬೇಕಾಯಿತು. ಬೀರಲಿಂಗಪ್ಪ ಕಣ್ಣೊರೆಸಿಕೊಳ್ಳುತ್ತ, "ಮಾವಾರ, ಇದು ಹೊಲಾರಿ, ಬಸ್‌ಸ್ಟ್ಯಾಂಡ್ ಅಲ್ಲ. ಹೊಲ ಇದ್ದಾವಗ ಗೊತ್ತು ಚರಗದ ಕದರ. ನಿಮಗ ಗೊತ್ತಿದ್ದದ್ದು ಹುಲ್ಲು!" ಎಂದ.

ಶಾಂತಲಿಂಗಪ್ಪನವರು ತಂಬಿಗೆಯನ್ನು ನೆಲಕ್ಕೆ ಕುಕ್ಕಿದರು. "ಬರೋ ಎಳ್ಳಮಾಸಿಗೆ ಚರಗ ನಮ್ಮ ಹೊಲದಾಗ. ನೀನೂ ಬಾ, ನಿನ್ನ ಮಂದೀನೂ ಕರ್ಕೊಂಡು ಬಾ!"

"ಎಲ್ಲದರೀ ನಿಮ್ಮ ಹೊಲ?"

"ಬಂದಾಗ ನೋಡೀಯಂತ!"

ಅವರ ಹತ್ತಿರ ಹೂವಿನ ಕುಂಡದಷ್ಟೂ ಹೊಲ ಇರಲಿಲ್ಲ. ಆದರೆ ವಾಪಸ್ಸು ಬರುವ ಬಸ್ಸಿನಲ್ಲಿ ಈ ಮಾತು ಹೊಸ ಕಂಡಕ್ಟರನ ಕಿವಿಗೆ ಬಿತ್ತು. ಈ ಕಡೆ ಫೋನಿಗಿಂತ ಬಸ್ಸು ಜೋರು. ಮಾತು ಅಫಜಲಪುರ ಮುಟ್ಟಿದಾಗ ಶಾಂತಲಿಂಗಪ್ಪನವರು ಭೀಮಾ ದಂಡೆಗೆ ನಾಲ್ಕೆಕರೆ ಕೊಂಡಿದ್ದರು. ಜೇವರ್ಗಿಗೆ ಬರುವಷ್ಟರಲ್ಲಿ ಅದು ಎಂಟೆಕರೆಯಾಗಿತ್ತು. ಕೊಳಕೂರಿನಲ್ಲಿ ಅದಕ್ಕೊಂದು ಬಾವಿಯೂ ಸೇರಿತು. ವಾರ ಕಳೆದ ಮೇಲೆ ಶಾರದಾಬಾಯಿಯೇ ಸಂಶಯ ಬಂದು ಕೇಳಿದರು.

"ಖರೇನ ಹೊಲಾ ತಗೊಂಡೀರೇನ್ರಿ?"

"ಇನ್ನಾ ಇಲ್ಲ. ತಗೋತೇನಿ."

"ಎಲ್ಲಿ?"

"ಅದನ್ನ ವಿಚಾರ ಮಾಡಾಕತ್ತೇನಿ," ಎಂದು ಅವರು ಹುಲ್ಲಿಗೆ ನೀರು ಬಿಡಲು ಹೋದರು. ಏಪ್ರಿಲ್ ಬಿಸಿಲಿಗೆ ಆ ಹುಲ್ಲೂ ಸತ್ತಿತು. ಬೋರ್ಡು ಮಾತ್ರ ನಿಂತಿತ್ತು.

ಮೇ ತಿಂಗಳಲ್ಲಿ ಜಿಡಗಾದಲ್ಲಿ ರೈತರಿಗೆ ಶಿಬಿರವಿದೆ ಎಂದು ಕೇಳಿ, ಹೊಲ ಕೊಳ್ಳುವ ದಾರಿ ತಿಳಿಯಲು ಹೋದರು. ಮನುಷ್ಯ ಸರಿಯಾದ ಬಸ್ಸು ಹತ್ತಿ ತಪ್ಪು ಪೆಂಡಾಲು ಹೊಕ್ಕ. ಅದು ಹೆಣ್ಣುಮಕ್ಕಳಿಗೆ ಕಡಿಮೆ ನೀರಿನ ಕೈತೋಟ ಕಲಿಸುವ ಪೆಂಡಾಲು. ಅರವತ್ತು ಹೆಂಗಸರ ನಡುವೆ, ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಶಾಂತಲಿಂಗಪ್ಪನವರು ಕೂತರು. ಕಲಿಸುತ್ತಿದ್ದವರು ಮಧುಮತಿ ಎಂಬ ಅಧಿಕಾರಿ.

"ಮಳಿ ನೀರು ಓಡಾಕತ್ರ ನಡಸ್ರಿ. ನಡ್ಯಾಕತ್ರ ನಿಲ್ಲಸ್ರಿ. ನಿಂತ್ರ ಇಂಗಸ್ರಿ," ಎಂದರು ಮಧುಮತಿ.

ಶಾಂತಲಿಂಗಪ್ಪನವರು ಎದ್ದು ನಿಂತರು. "ಮೇಡಂ, ಅಂದ್ರ ಎಕ್ಸ್‌ಪ್ರೆಸ್ ನೀರನ್ನ ಆರ್ಡಿನರಿ ಮಾಡ್ಬೇಕು. ಸ್ಟೇಜ್ ಸ್ಟೇಜಿಗೆ ನಿಲ್ಲಸ್ಬೇಕು. ಕಡೀಕ ಡಿಪೋದಾಗ ಹಾಕ್ಬೇಕು. ಹೌದಲ್ರಿ?"

ಮಧುಮತಿಯವರು "ಹೌದ್ರಿ… ಬರಾಬರ್ ಅದ," ಎಂದು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. "ಮತ್ತ ಹುಲ್ಲುಹಾಸು ತಗದ ಒಗೀರಿ. ಈ ನೆಲದಾಗ ಹುಟ್ಟಿದ್ದು ಈ ಮಳಿ ಮ್ಯಾಲ ಬದುಕ್ತದ. ತೊಗರಿ, ಜ್ವಾಳ, ಕುಸುಬಿ, ಅಗಸಿ ಹಾಕ್ರಿ. ಅಂಗಳಾನ ಹೊಲ ಆಗ್ತದ."

ಅಂಗಳಾನ ಹೊಲ ಆಗ್ತದ! ಶಾಂತಲಿಂಗಪ್ಪನವರಿಗೆ ಮುಂದಿನದು ಏನೂ ಕೇಳಲಿಲ್ಲ. ಮಧ್ಯಾಹ್ನದ ಊಟವನ್ನೂ ಬಿಟ್ಟು ಆಳಂದದ ಬಸ್ಸು ಹಿಡಿದರು.

ಮರುದಿನವೇ ಗೋಡೆಯ ಮೇಲಿಂದ ಬುರಾನುದ್ದೀನರನ್ನು ಕರೆದರು. ಸತ್ತ ಹುಲ್ಲು ಕಿತ್ತು ಬಿಸುಟರು. ಮಾಳಿಗೆಯ ನೀರು ಇಳಿಯುವ ಪೈಪಿನ ಬುಡದಲ್ಲಿ ಒಂದು ಕಲ್ಲು ನೆಟ್ಟು, ಬಿಳಿ ಬಣ್ಣದಲ್ಲಿ ಆಳಂದ ಎಂದು ಬರೆದರು. ಇಳಿಜಾರಿಗೆ ಸರಿಯಾಗಿ ಒಂದೊಂದು ಒಡ್ಡು ಹಾಕಿ, ಒಂದೊಂದು ಕಲ್ಲು ನೆಟ್ಟರು: ಜಿಡಗಾ, ನಿಂಬರ್ಗಾ, ಅಫಜಲಪುರ, ಜೇವರ್ಗಿ. ಕೊನೆಗೆ ಬೇವಿನ ಗಿಡದ ಹತ್ತಿರ ಗುಂಡಿ. ಅದು ಡಿಪೋ.

"ಎರಿ ಮಣ್ಣು ನೀರ ಕುಡೀತದ, ಕೆಳಗ ಬಿಡೂದಿಲ್ಲ," ಎಂದು ಬುರಾನುದ್ದೀನರು ಗುಂಡಿಯೊಳಗಿನಿಂದಲೇ ಕೂಗಿದರು. "ಕೆಳಗಿನ ಮೊರಂ ಗರಸು ಹತ್ತೋ ತನಕ ಅಗೀಬೇಕೋ ಶಾಂತಪ್ಪಾ. ನೀ ಸೀಟಿ ಊದೂತನ ನಾ ನಿಲ್ಸೂದಿಲ್ಲ." ಶಾಂತಲಿಂಗಪ್ಪನವರು ಸೀಟಿ ಊದುವುದನ್ನು ಮರೆತು ಚಹಾಕ್ಕೆ ಹೋಗಿದ್ದರಿಂದ ಡಿಪೋ ನಿಶ್ಚಯಿಸಿದ್ದಕ್ಕಿಂತ ಎರಡು ಮೊಳ ಆಳವಾಯಿತು. ಆ ಮರೆವು ಮುಂದೆ ಬಹಳ ಉಪಯೋಗಕ್ಕೆ ಬಂತು.

ಜೂನಿನ ಮೊದಲ ದೊಡ್ಡ ಮಳೆ ಮುಂಜಾನೆ ಐದಕ್ಕೆ ಬಂತು. ನಾನು ಎದ್ದದ್ದು ಗುಡುಗಿಗಲ್ಲ, ಸೀಟಿಗೆ. ಬಾಲ್ಕನಿಗೆ ಬಂದು ನೋಡಿದರೆ ಶಾಂತಲಿಂಗಪ್ಪನವರು ಖಾಕಿ ಅಂಗಿ ತೊಟ್ಟು ಜಿಡಗಾದ ಒಡ್ಡಿನ ಮೇಲೆ ನಿಂತು, ಮಾಳಿಗೆಯಿಂದ ಧುಮುಕುವ ನೀರಿಗೆ ಒಂದು ಸೀಟಿ ಊದುತ್ತಿದ್ದರು. ಒಂದು ಸೀಟಿ ಎಂದರೆ ನಿಲ್ಲು. ಮೂವತ್ತೊಂದು ವರ್ಷ ಎಷ್ಟೋ ಬಸ್ಸುಗಳು ಆ ಸೀಟಿಗೆ ನಿಂತಿದ್ದವು. ನೀರು ನಿಲ್ಲಲಿಲ್ಲ. ಜಿಡಗಾದ ಒಡ್ಡು ಒಡೆಯಿತು, ನಿಂಬರ್ಗಾ ತೇಲಿತು, ಅಫಜಲಪುರದ ಕಲ್ಲು ಅಡ್ಡ ಬಿತ್ತು. ಗೋಡೆಯ ಆಚೆಯಿಂದ ಬುರಾನುದ್ದೀನರ ಹೆಂಡತಿ ಖಾಸೀಂಬಿಯ ದನಿ ಬಂತು.

"ಅರೇ ಅಣ್ಣಾ! ನಿಮ್ಮ ಜೇವರ್ಗಿ ಬಸ್ಸು ನಮ್ಮ ಅಡಗಿ ಮನಿಗೆ ಬಂದದ!"

ಬುರಾನುದ್ದೀನರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ತಲೆಯಾಡಿಸಿದರು. "ಗಾಡಿಗೆ ಬ್ರೇಕಿಲ್ಲ, ನೀ ಸೀಟಿ ಊದಾಕತ್ತೀದಿ. ಇಳಿಜಾರಿನ್ಯಾಗ ನೇರ ಬಿಟ್ರ ಯಾವ ಗಾಡಿ ನಿಲ್ತದೋ? ತಿರುವು ಕೊಡು. ಈ ಒಡ್ಡಿಗೆ ಎಡಕ್ಕ ದಾರಿ ಬಿಡು, ಮುಂದಿನದಕ್ಕ ಬಲಕ್ಕ ಬಿಡು."

ಡ್ರೈವರ್ ಹೇಳಿದಂತೆ ಮತ್ತೆ ಕಟ್ಟಿದರು. ಮೂರನೆಯ ಮಳೆಗೆ ನೀರು ಆಳಂದದಿಂದ ಇಳಿದು, ಜಿಡಗಾದಲ್ಲಿ ತುಂಬಿ ಎಡಕ್ಕೆ ಹೊರಳಿ, ನಿಂಬರ್ಗಾದಲ್ಲಿ ತುಂಬಿ ಬಲಕ್ಕೆ ಹೊರಳಿ, ಎಲ್ಲ ಸ್ಟೇಜಿನಲ್ಲೂ ಸಮಾಧಾನದಿಂದ ನಿಂತು ನಡೆದು, ಡಿಪೋಕ್ಕೆ ಬಂದು ಬಿತ್ತು. ಮಧ್ಯಾಹ್ನದೊಳಗೆ ಡಿಪೋ ಅದನ್ನು ಕುಡಿದು ಮುಗಿಸಿತು. ಗೇಟಿನಿಂದ ಹೊರಗೆ ಒಂದು ಹನಿಯೂ ಹೋಗಲಿಲ್ಲ. ಇಬ್ಬರೂ ಮಳೆಯಲ್ಲೇ ಕೈಕೈ ಹಿಡಿದು ನಿಂತಿದ್ದರು. ಅವತ್ತು ಅವರನ್ನು ನೋಡಿ ನನಗೂ ಸಂತೋಷವಾಯಿತು. ನಿದ್ದೆ ಕೆಟ್ಟದ್ದು ಬೇರೆ ಮಾತು.

ತೊಗರಿ ಬಿತ್ತಿದರು. ಹಿಂಗಾರಿಗೆ ಬಿಳಿಜೋಳ, ಕುಸುಬಿ, ಅಗಸಿ, ಕಡಲೆ ಬಿತ್ತಿದರು. ಪಾತ್ರೆ ತಿಕ್ಕಿದ ನೀರು ಪುಂಡಿಪಲ್ಯೆಗೆ ಹೋಯಿತು. ನೆಲಕ್ಕೆ ತೊಗರಿ ಹೊಟ್ಟು ಹೊದಿಸಿದರು. ತುಂಬೆ, ತಂಗಡಿ, ಉತ್ತರಾಣಿ ತಾವಾಗಿಯೇ ಹುಟ್ಟಿದವು. ಶಾರದಾಬಾಯಿ ಅವನ್ನು ಕೀಳಲು ಹೋದರೆ ಶಾಂತಲಿಂಗಪ್ಪನವರು ತಡೆದರು.

"ಇರಲಿ ಬಿಡು. ಅವು ಟಿಕೆಟ್ ಇಲ್ದ ಹತ್ಯಾವ ಖರೆ. ಆದ್ರ ಸ್ಟ್ಯಾಂಡಿಂಗ್ ಜಾಗ ಅದ."

ನವೆಂಬರ್ ಹೊತ್ತಿಗೆ ಅಂಗಳದಲ್ಲಿ ಜೋಳ ಆಳೆತ್ತರವಾಗಿತ್ತು. ನೀಲಿ ಅಗಸಿ ಹೂವು, ಹಳದಿ ತಂಗಡಿ, ಗಿಳಿ, ಗುಬ್ಬಿ, ಜೇನು, ಕಪ್ಪೆ. ಒಂದು ಕೊಡ ನೀರನ್ನೂ ಯಾರೂ ಹೊತ್ತು ಹಾಕಿರಲಿಲ್ಲ. ಓಣಿಯವರು ಮಾತ್ರ ಇದನ್ನು ಕಾಡು ಎಂದರು. ಹಾವು ಬರ್ತಾವ ಎಂದು ಖಾಸೀಂಬಿ ಕಿಟಕಿಗೆ ಜಾಳಿಗೆ ಹೊಡೆಸಿದರು. ಡಿಸೆಂಬರಿನ ಒಂದು ಮುಂಜಾನೆ ಕಾಲೇಜಿಗೆ ಹೊರಟಾಗ ನನ್ನ ಬೂಟಿನೊಳಗೆ ಒಂದು ಕಪ್ಪೆ ಕೂತಿತ್ತು. ಅದು ನನಗಿಂತ ಮೊದಲೇ ಸೀಟು ಹಿಡಿದವರ ಗತ್ತಿನಲ್ಲಿ ನನ್ನನ್ನು ನೋಡಿತು.

ಅದಾದ ನಾಲ್ಕೇ ದಿನಕ್ಕೆ ನೈರ್ಮಲ್ಯ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ರೇವಣಪ್ಪನವರು ಒಂದು ಅರ್ಜಿ ಹಿಡಿದು ಬಂದರು. ಓಣಿಯ ನಾಗರಿಕರು ಬರೆದದ್ದು. ಭಾಷೆ ಶುದ್ಧವಾಗಿತ್ತು, ಅಕ್ಷರ ಮುತ್ತಿನಂತಿತ್ತು, ಸೀಟಿಯ ಬಗ್ಗೆ ಒಂದು ಪ್ಯಾರಾ ಪ್ರತ್ಯೇಕವಾಗಿತ್ತು. ಬರೆದವರು ಯಾರೆಂದು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾನೇ.

"ಇದೇನ್ರಿ ಇದು?" ಎಂದು ರೇವಣಪ್ಪನವರು ಜೋಳದ ಸಾಲಿನಿಂದ ತಲೆ ಹೊರಗೆ ಹಾಕಿ ಕೇಳಿದರು.

"ಹೊಲಾರಿ."

"ಹೊಲ ಅಂದ್ರ ಪಹಣಿ ತೋರಸ್ರಿ."

"ಪಹಣಿ ಇಲ್ಲರಿ."

"ಹಂಗಾದ್ರ ತ್ವಾಟ ಅನ್ರಿ."

"ತ್ವಾಟಕ್ಕ ನೀರು ಹಾಕ್ಬೇಕಾಗ್ತದ್ರಿ. ಇದಕ್ಕ ನಾ ಹಾಕೂದಿಲ್ಲ."

ರೇವಣಪ್ಪನವರು ಪೆನ್ನು ತೆಗೆದರು. "ಹೊಲಾನೂ ಅಲ್ಲ, ತ್ವಾಟಾನೂ ಅಲ್ಲ. ಅಂದ್ರ ಕಸ. ಕಸ ಅಂದ್ರ ನನ್ನ ಖಾತೆ."

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ನೆಟ್ಟಗಿನ ತರ್ಕ ಎಲ್ಲೂ ಸಿಕ್ಕಿರಲಿಲ್ಲ. ಹದಿನೈದು ದಿನದೊಳಗೆ ಇದೆಲ್ಲ ಕೊಯ್ದು ನೆಲ ಸ್ವಚ್ಛ ಮಾಡಬೇಕು, ಇಲ್ಲದಿದ್ದರೆ ತಾವೇ ಆಳು ತಂದು ಕೊಯ್ಯಿಸುವುದಾಗಿ ಅವರು ನೋಟಿಸು ಬರೆದರು. ಶಾಂತಲಿಂಗಪ್ಪನವರು ಬೆರಳಿನಲ್ಲಿ ದಿನ ಎಣಿಸಿ ಬೆವರಿದರು.

"ಸಾಹೇಬ್ರ, ಹದಿನೈದನೇ ದಿನ ಎಳ್ಳಮಾಸಿ ಬರ್ತದ್ರಿ. ಅವತ್ತು ಊರಾಗ ಯಾರು ಕೆಲಸಾ ಮಾಡ್ತಾರ್ರಿ?"

"ನಾ ಮಾಡ್ತೇನಿ," ಎಂದರು ರೇವಣಪ್ಪನವರು. "ನನಗ ಹೋಗಾಕ ಹೊಲ ಇಲ್ಲ." ಅದನ್ನು ಹೇಳುವಾಗ ಅವರು ಕಾಗದದಿಂದ ಕಣ್ಣೆತ್ತಲಿಲ್ಲ.

ಆ ಸಂಜೆಯೇ ಶಾಂತಲಿಂಗಪ್ಪನವರು ನೋಟಿಸನ್ನೂ ಅದಕ್ಕೆ ಹಚ್ಚಿದ್ದ ಅರ್ಜಿಯ ಜೆರಾಕ್ಸನ್ನೂ ಹಿಡಿದು ಮೆಟ್ಟಿಲೇರಿ ಬಂದರು. "ಸರ್, ಯಾರೋ ಪುಣ್ಯಾತ್ಮರು ಅರ್ಜಿ ಕೊಟ್ಟಾರ. ಇದಕ್ಕೊಂದು ಚೊಲೋ ಉತ್ತರಾ ಬರದು ಕೊಡ್ರಿ. ಇಲ್ಲಂದ್ರ ಬೀರ್ಯಾನ ಮುಂದ ನನ್ನ ಮಾರಿ ಉಳ್ಯೂದಿಲ್ಲ." ನಾನು ನನ್ನ ಅರ್ಜಿಗೆ ನಾನೇ ಉತ್ತರ ಬರೆದೆ. ಎರಡೂ ಬಹಳ ಚೆನ್ನಾಗಿದ್ದವು. ಶಾರದಾಬಾಯಿ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿ ಒಳಗೆ ಹೋದರು. ಉತ್ತರಕ್ಕೆ ಯಾವ ಮರು ಉತ್ತರವೂ ಬರಲಿಲ್ಲ.

ಎಳ್ಳಮಾಸಿ ಬಂತು. ಬೀರಲಿಂಗಪ್ಪನನ್ನು ಬಿಟ್ಟು ಯಾರನ್ನೂ ಕರೆಯಬಾರದು, ಆಗುವ ಅವಮಾನ ಮನೆಯೊಳಗೇ ಆಗಲಿ ಎಂದು ಶಾಂತಲಿಂಗಪ್ಪನವರು ಬುರಾನುದ್ದೀನರಿಂದ ಆಣೆ ಮಾಡಿಸಿಕೊಂಡಿದ್ದರು. ಬುರಾನುದ್ದೀನರು ಆಣೆಗೆ ತಪ್ಪಲಿಲ್ಲ. ಯಾರಿಗೂ ಹೇಳಬೇಡ ಎಂದು ಹೇಳಿಯೇ ಜೇವರ್ಗಿ ಬಸ್ಸಿನ ಡ್ರೈವರನೊಬ್ಬನಿಗೆ ಹೇಳಿದ್ದರು.

ಒಂಬತ್ತು ಗಂಟೆಗೆ ಶಾರದಾಬಾಯಿ ಅಂಗಳಕ್ಕೆ ಬಂದರು. ಐದು ಕಲ್ಲು ಹುಡುಕುವ ತ್ರಾಸು ಅವರಿಗಿರಲಿಲ್ಲ. ಆಳಂದದಿಂದ ಜೇವರ್ಗಿ ತನಕ ಐದೂ ನೆಟ್ಟಿದ್ದವು. ಒಂದೊಂದಕ್ಕೂ ಸುಣ್ಣ ಕುಂಕುಮ ಹಚ್ಚಿದರು. ಅಷ್ಟರಲ್ಲಿ ಗೇಟಿನ ಮುಂದೆ ಟ್ರ್ಯಾಕ್ಟರು ಗುಡುಗಿತು. ಬೀರಲಿಂಗಪ್ಪ, ಅವನ ಹಿಂದೆ ಟ್ರಾಲಿಯ ತುಂಬ ಮಂದಿ.

"ಮಾವಾರ, ಹತ್ರಿ ಮುಂದ! ಎಲ್ಲದ ಹೊಲ ತೋರಸ್ರಿ!"

"ಹತ್ತೂದು ಬ್ಯಾಡ," ಎಂದರು ಶಾಂತಲಿಂಗಪ್ಪನವರು. "ಇಲ್ಲೇ ಅದ."

ಬೀರಲಿಂಗಪ್ಪ ಗೇಟಿನ ಮೇಲಿಂದ ಇಣುಕಿ ನೋಡಿದ. ಟ್ರಾಲಿಗೆ ಟ್ರಾಲಿಯೇ ನಕ್ಕಿತು. "ಇದು ಹೊಲೇನ್ರಿ! ನಮ್ಮ ಎತ್ತು ಒಂದು ಮಗ್ಗಲಾ ಹೊರಳಾಕ ಸಾಲೂದಿಲ್ಲ!"

ನಗು ಇನ್ನೂ ಮುಗಿದಿರಲಿಲ್ಲ, ಓಣಿಯ ತುದಿಯಲ್ಲಿ ಬುಟ್ಟಿಗಳು ಕಾಣಿಸಿದವು. ಹತ್ತರ ಬಸ್ಸಿನಿಂದ ಇಳಿದ ಮಂದಿ. ಅಫಜಲಪುರದ ಟೇಲರ್, ಜೇವರ್ಗಿಯ ಕಾಯಿಪಲ್ಯೆ ಮಾರುವ ಮುದುಕಿ, ಆಸ್ಪತ್ರೆಯ ನರ್ಸು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು. ಜೊತೆಗೆ ಮಧುಮತಿ ಮೇಡಂ. ಯಾರಿಗೂ ಗೇಣು ಹೊಲ ಇಲ್ಲ. ವರ್ಷವೂ ಈ ದಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದವರು ಈ ಸಲ ಬುಟ್ಟಿ ಕಟ್ಟಿಕೊಂಡು ಬಂದಿದ್ದರು.

"ಕಂಡಕ್ಟರ್ ಸಾಹೇಬ್ರು ಹೊಲಕ್ಕ ಕರದಾರಂತ," ಎಂದಳು ಕಾಯಿಪಲ್ಯೆಯ ಮುದುಕಿ. ಗೇಟು ದಾಟಿ ಬಂದು ಜೋಳದ ತೆನೆ ಮುಟ್ಟಿ ನೋಡಿ, "ಯಪ್ಪಾ, ತೆನಿ ಎಷ್ಟ ಚಂದ ತುಂಬ್ಯಾವ!" ಎಂದು ಕೈ ಮುಗಿದಳು. ಟ್ರಾಲಿಯ ನಗು ನಿಂತಿತು.

ಶಾರದಾಬಾಯಿಯ ಕಣ್ಣು ತಮ್ಮನ ಬುಟ್ಟಿಯ ಮೇಲಿತ್ತು. "ಬೀರಾ, ಚರಗದ ಬೋಗುಣಿ ತುಂಬಿದ್ದು ತುಂಬಿದಂಗ ಅದಲ್ಲ. ನಿಮ್ಮ ಹೊಲದಾಗ ಚೆಲ್ಲಿಲ್ಲೇನು?"

ಬೀರಲಿಂಗಪ್ಪ ರುಮಾಲು ಸರಿಮಾಡಿಕೊಂಡ. "ಅಕ್ಕಾ, ಹಿಂದಿನ ಮಳಿ ಹೊಲ ಬಿಟ್ಟು ಹೋಗ್ಲೇ ಇಲ್ಲ. ನಿಂತ ನೀರಿಗೆ ತೊಗರಿ ನೆಟಿ ರೋಗ ಬಿದ್ದು ಒಣಗಿ ಹೋತು. ಜ್ವಾಳಾ ತಡಾ ಮಾಡಿ ಬಿತ್ತೇವಿ."

"ಎಷ್ಟೆತ್ತರ ಅದ?"

ಬೀರಲಿಂಗಪ್ಪ ಬಗ್ಗಿ ತನ್ನ ಪಾದದ ಹತ್ತಿರ ಒಂದು ಗೇಣು ತೋರಿಸಿದ. "ಕೊಂಪಿಗೆ ಐದು ದಂಟು ಸಿಗಲಿಲ್ಲ ಅಕ್ಕಾ," ಎಂದ ಸಣ್ಣ ದನಿಯಲ್ಲಿ.

ಎಲ್ಲರೂ ಶಾಂತಲಿಂಗಪ್ಪನವರ ಮುಖ ನೋಡಿದರು. ಈ ಒಂದು ಗಳಿಗೆಗಾಗಿ ಅವರು ವರ್ಷವಿಡೀ ಕಾದಿದ್ದರು. ಏನೇನು ಅನ್ನಬೇಕೆಂದು ಅಭ್ಯಾಸ ಮಾಡಿದ್ದೂ ನನಗೆ ಮಾಳಿಗೆಯ ಮೇಲಿಂದ ಕೇಳಿಸಿತ್ತು. ಬಾಯಿ ತೆರೆದರು. ಆದರೆ ಗೇಟಿನ ಹೊರಗೆ ಬುಟ್ಟಿ ಹಿಡಿದು ನಿಂತ ಇಷ್ಟೊಂದು ಮಂದಿಯನ್ನು ನೋಡಿದ ಕಂಡಕ್ಟರನ ಬಾಯಿಯಿಂದ ಒಂದೇ ಮಾತು ಬರಲು ಸಾಧ್ಯ.

"ಮುಂದ ಸರೀರಿ, ಮುಂದ ಸರೀರಿ! ಒಳಗ ಭಾಳ ಜಾಗ ಅದ! ಬೀರಲಿಂಗಪ್ಪಾ, ಬಾಗಲಾ ಬಿಟ್ಟು ಒಳಗ ನಡಿ!"

ಜಾಗ ಇರಲಿಲ್ಲ. ಆದರೂ ಎಲ್ಲರೂ ಹಿಡಿಸಿದರು. ಖಾಸೀಂಬಿ ನಡುಗೋಡೆಯ ಮೇಲಿಂದ ಶೇಂಗಾ ಹೋಳಿಗೆಯ ಡಬ್ಬಿ ಇಳಿಸಿ, ಹಿಂದೆಯೇ ತಾವೂ ಇಳಿದರು.

ಆಗ ಬಂದರು ರೇವಣಪ್ಪನವರು. ಕೈಯಲ್ಲಿ ಫೈಲು, ಹಿಂದೆ ಕುಡುಗೋಲು ಹಿಡಿದ ಇಬ್ಬರು ಆಳು. ಶಾಂತಲಿಂಗಪ್ಪನವರು ಜೋಳದ ಸಾಲಿಗೆ ಅಡ್ಡ ನಿಂತರು.

"ಪಹಣಿ ತಂದೀರೇನ್ರಿ?"

"ಇಲ್ಲರಿ."

"ಹಂಗಿದ್ರ ಸರೀರಿ. ಇದು ಹೊಲ ಅಲ್ಲ."

ಮಂದಿಯನ್ನು ಸರಿಸಿಕೊಂಡು ಮುಂದೆ ಬಂದವನು ಬೀರಲಿಂಗಪ್ಪ. ಹತ್ತು ನಿಮಿಷದ ಹಿಂದೆ ನಕ್ಕವನು ಈಗ ಮೀಸೆ ತಿರುವುತ್ತಿದ್ದ. "ಯಾರ್ರೀ ಹೇಳಿದವ್ರು ಹೊಲ ಅಲ್ಲಂತ? ನನ್ನ ಹೊಲಕ್ಕ ಪಹಣಿ ಅದ, ಜ್ವಾಳಿಲ್ಲ. ನಮ್ಮ ಮಾವಾರ ಹೊಲಕ್ಕ ಜ್ವಾಳ ಅದ, ಪಹಣಿಲ್ಲ. ಯಾವುದು ಹೊಲ ನೀವ ಹೇಳ್ರಿ! ಊರ ಮಂದಿ ಚರಗಾ ಚೆಲ್ಲಾಕ ಬಂದಾರಂದ್ರ ಅದು ಹೊಲಾನ!"

ಶಾಂತಲಿಂಗಪ್ಪನವರು ಕತ್ತು ತಿರುಗಿಸಿ ಅವನನ್ನು ನೋಡಿದರು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಭಾವಮೈದುನನ ಬಾಯಿಂದ "ಮಾವಾರ ಹೊಲ" ಎಂಬ ಮಾತು ಕೇಳಿದ್ದು ಅದೇ ಮೊದಲು.

ರೇವಣಪ್ಪನವರು ಕಾನೂನಿನ ಮನುಷ್ಯ. ಆಳಂದದಿಂದ ಜೇವರ್ಗಿ ತನಕ ಒಂದೊಂದು ಒಡ್ಡನ್ನೂ ಬಗ್ಗಿ ನೋಡಿದರು. ಡಿಪೋದೊಳಗೆ ಬ್ಯಾಟರಿಯ ಬೆಳಕು ಬಿಟ್ಟರು. ಎಲ್ಲೂ ಒಂದು ಬೊಗಸೆ ನೀರು ನಿಂತಿರಲಿಲ್ಲ, ಒಂದು ಸೊಳ್ಳೆಯೂ ಏಳಲಿಲ್ಲ. ತಿರುಗಿ ಬರುವಾಗ ಶಾರದಾಬಾಯಿ ಅಡ್ಡ ಬಂದರು.

"ಸಾಹೇಬ್ರ, ಉಂಡೀರೇನ್ರಿ?"

"ಇಲ್ಲವ್ವಾ."

"ಯಾರೂ ಹೊಲಕ್ಕ ಕರೀಲಿಲ್ಲೇನ್ರಿ?"

ರೇವಣಪ್ಪನವರು ಫೈಲನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದರು. "ಈ ಊರಿಗೆ ಬಂದು ಐದು ವರ್ಷ ಆತವ್ವಾ. ಯಾರೂ ಕರದಿಲ್ಲ."

"ಈಗ ಕರದೇವಿ. ಆ ಕುಡಗೋಲು ಇಲ್ಲಿ ಕೊಡ್ರಿ, ಕೊಂಪಿಗೆ ದಂಟು ಕೊಯ್ಬೇಕು."

ಕೊಯ್ಯಲು ಬಂದ ಕುಡುಗೋಲು ಐದೇ ದಂಟು ಕೊಯ್ದಿತು. ಕೊಂಪಿ ಎದ್ದಿತು. ರೇವಣಪ್ಪನವರು ಅಫಜಲಪುರದ ಕಲ್ಲಿನ ಪಕ್ಕ ಕೂತು ತೊಡೆಯ ಮೇಲೆ ಫೈಲು ಇಟ್ಟು ವರದಿ ಬರೆದರು: ಸ್ಥಳ ಪರಿಶೀಲಿಸಲಾಗಿದೆ, ನಿಂತ ನೀರು ಇಲ್ಲ, ಕಸ ಇಲ್ಲ, ಸದರಿ ಸ್ಥಳವು ಹೊಲವೆಂದು ಕಂಡುಬಂದಿದೆ. ಸಹಿ ಮಾಡಿ ಕಡುಬಿಗೆ ಕೈ ಚಾಚಿದರು. ಭೂಮಿತಾಯಿ ಇನ್ನೂ ಉಂಡಿಲ್ಲ ಎಂದು ಮುದುಕಿ ಕೈಗೆ ಬಡಿದಳು.

ಚರಗ ಹೊರಟಿತು. ಮುಂದೆ ಬೋಗುಣಿ ಹಿಡಿದ ಶಾಂತಲಿಂಗಪ್ಪನವರು, ಹಿಂದೆ ತಂಬಿಗೆ ಹಿಡಿದ ಬೀರಲಿಂಗಪ್ಪ. ಈ ದಿನಕ್ಕಾಗಿ ಶಾಂತಲಿಂಗಪ್ಪನವರು ಬಚ್ಚಲುಮನೆಯಲ್ಲಿ ವರ್ಷವಿಡೀ ಸಾಧನೆ ಮಾಡಿದ್ದರು. ಎದೆ ತುಂಬ ಉಸಿರು ತೆಗೆದುಕೊಂಡು, ಒಂದಕ್ಷರ ತಪ್ಪದೆ ಕೂಗಿದರು:

"ಹುಲ್ಲುಲ್ಲಿಗೋ!"

ಬೀರಲಿಂಗಪ್ಪ ನಿಂಬರ್ಗಾದ ಮರುಕೂಗಿಗೆ ಬಾಯಿ ತೆರೆಯುವ ಮೊದಲೇ ಹಿಂದಿನ ಇಡೀ ರೂಟು ಒಂದೇ ದನಿಯಲ್ಲಿ ಕೂಗಿತು:

"ರೈಟ್ ರೈಟ್!"

"ಹಂಗಲ್ರೋ!" ಎಂದು ಶಾಂತಲಿಂಗಪ್ಪನವರು ಸಿಟ್ಟಿಗೆದ್ದು ತಿರುಗಿದರು. ಮತ್ತೆ ಕೂಗಿದರು. ಮತ್ತೆ ಅದೇ ಉತ್ತರ. ಮೂರನೆಯ ಸಲಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ರೈಟ್ ರೈಟ್ ಎಂದವನು ಬೀರಲಿಂಗಪ್ಪ. ಶಾಂತಲಿಂಗಪ್ಪನವರು ಸಿಟ್ಟು ಬಿಟ್ಟು ನಕ್ಕರು, ನಗುತ್ತ ಕಣ್ಣೊರೆಸಿಕೊಂಡರು, ಜಿಡಗಾ ದಾಟಿದರು, ನಿಂಬರ್ಗಾ ದಾಟಿದರು. ಜೇವರ್ಗಿಯ ಕಲ್ಲಿನ ಹತ್ತಿರ ಇದ್ದಕ್ಕಿದ್ದಂತೆ ಒಂದು ಸೀಟಿ ಊದಿ ನಿಂತುಬಿಟ್ಟರು. ಹಿಂದಿನವರು ಮುಂದಿನವರ ಬೆನ್ನಿಗೆ ಢಿಕ್ಕಿ ಹೊಡೆದರು.

"ಯಾಕ ನಿಲ್ಸಿದ್ಯೋ ಶಾಂತಪ್ಪಾ?" ಎಂದು ಬುರಾನುದ್ದೀನರು ಸಾಲಿನ ಕೊನೆಯಿಂದ ಕೂಗಿದರು.

ಶಾಂತಲಿಂಗಪ್ಪನವರು ಕತ್ತೆತ್ತಿ ಮಾಳಿಗೆಯ ಕಡೆ ನೋಡುತ್ತಿದ್ದರು. ಅಲ್ಲಿ ಕಂಬಿಯ ಹಿಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವನು ನಾನು.

"ಮ್ಯಾಲಿನ ಸರ್ ಇನ್ನಾ ಹತ್ತಿಲ್ಲ," ಎಂದರು ಅವರು.

ಅರವತ್ತು ಮುಖಗಳು ನನ್ನತ್ತ ತಿರುಗಿದವು. "ಇಲ್ಲ, ನಾನು… ಆ ಅರ್ಜಿ…" ಎಂದು ನಾನು ತೊದಲಿದೆ.

"ನಿಮ್ಮ ಅಕ್ಷರಾ ನನಗ ಗೊತ್ತಿಲ್ಲೇನ್ರಿ ಸರ್?" ಎಂದರು ಶಾರದಾಬಾಯಿ ಕೆಳಗಿನಿಂದ. "ನನ್ನ ಗ್ಯಾಸಿನ ಅರ್ಜಿ ಬರದವ್ರು ನೀವ. ಅವತ್ತ ತಿಳೀತು ನನಗ. ಆ ಉಪ್ಪಿಟ್ಟು ಅಲ್ಲೇ ಇಡ್ರಿ. ಬರ್ರಿ, ಭಜ್ಜಿ ಆರಾಕತ್ತದ."

ತಟ್ಟೆ ಇಟ್ಟು ಇಳಿದೆ. ಕೊನೆಯ ಮೆಟ್ಟಿಲ ಮೇಲೆ ಅದೇ ಕಪ್ಪೆ ಕೂತಿತ್ತು. ಅದಕ್ಕೆ ದಾರಿ ಬಿಟ್ಟು ಸಾಲಿನ ಕೊನೆಗೆ ಹೋಗಿ ನಿಂತೆ. ರೇವಣಪ್ಪನವರು ಸ್ವಲ್ಪ ಸರಿದು ಜಾಗ ಕೊಟ್ಟರು. ಶಾಂತಲಿಂಗಪ್ಪನವರು ಬೆರಳು ಚಾಚಿ ಮುಂದಿನಿಂದ ಹಿಂದಿನ ತನಕ ತಲೆ ಎಣಿಸುತ್ತ ಬಂದರು. ಕೊನೆಯದು ನನ್ನ ತಲೆ. ಯಾರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಎರಡು ಸೀಟಿ ಊದಿದರು.

ಹೊಲ ಹೊರಟಿತು.